ಸಂಪಾದಕರ ಉತ್ತರ: ಐದೂವರೆಯ ಬಸ್ಸು

ಶಿರಸಿ ಬದಿಯ ಹಳ್ಳಿಯಿಂದ ಬರೆದ ಓದುಗರಿಗೆ ನಮಸ್ಕಾರ.

‘ಮದುವೆಯಾದ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ನೌಕರಿಯ ಉಮೇದೇ ಉಳಿಯುವುದಿಲ್ಲ’ ಎಂದು ಕಳೆದ ಸಂಚಿಕೆಯಲ್ಲಿ ನಾನು ಬರೆದದ್ದಕ್ಕೆ ನೀವು ಸಿಟ್ಟಾಗಿದ್ದೀರಿ. ಕಾರವಾರದಲ್ಲಿ ಲೆಕ್ಕ ಬರೆಯುತ್ತಿದ್ದವರು ಮದುವೆಯಾಗಿ ಘಟ್ಟ ಹತ್ತಿದಿರಿ. ಶಿರಸಿ ಪೇಟೆಯಲ್ಲಿ ಅಂಥದ್ದೇ ಕೆಲಸ ಸಿಕ್ಕಿತು, ಆದರೆ ಬಿಡುವುದು ಆರಕ್ಕೆ, ನಿಮ್ಮೂರಿನ ಕೊನೆಯ ಬಸ್ಸು ಐದೂವರೆಗೆ. ‘ಇದರಲ್ಲಿ ನನ್ನ ಉಮೇದಿನ ಮಾತು ಎಲ್ಲಿ ಬಂತು?’ ಎಂದು ಕೇಳಿದ್ದೀರಿ.

ತಪ್ಪು ನನ್ನದೇ. ಕಾರವಾರದ ಮೀನುಪೇಟೆಯಲ್ಲಿ ಬುಟ್ಟಿ ಮುಂದಿಟ್ಟು ಕೂತವರಲ್ಲಿ ಎಷ್ಟೋ ಜನ ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವರು. ಅವರಿಂದ ಬಂಗಡೆ ಕೊಂಡು ತಿಂದೇ ಆ ಸಾಲು ಬರೆದೆನಲ್ಲ!

ವಿದೇಶಾಂಗ ಸೇವೆಯಲ್ಲಿದ್ದ ಹೆಂಗಸು ಮದುವೆಗೆ ಸರ್ಕಾರದ ಅಪ್ಪಣೆ ಕೇಳಬೇಕೆಂಬ ನಿಯಮವಿತ್ತು. ಅದೇ ಸೇವೆಯಲ್ಲಿದ್ದ ಕೊಡಗಿನ ಸಿ.ಬಿ. ಮುತ್ತಮ್ಮ ಕೋರ್ಟಿಗೆ ಹೋದರು, 1979ರಲ್ಲಿ ಸುಪ್ರೀಂ ಕೋರ್ಟು ಅಂಥ ನಿಯಮಗಳಿಗೆ ಛೀಮಾರಿ ಹಾಕಿತು. ನಿಮ್ಮ ಅಡ್ಡಿ ಯಾವ ನಿಯಮದ ಪುಸ್ತಕದಲ್ಲೂ ಇಲ್ಲ, ಹಾಗಾಗಿ ಯಾವ ಕೋರ್ಟಿಗೂ ಒಯ್ಯುವಂತಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಟಿಕೆಟ್ಟೇನೋ ಪುಕ್ಕಟೆಯಾಯಿತು. ಆರರ ಮೇಲೆ ಬಸ್ಸೇ ಇಲ್ಲದ ಊರಿಗೆ ಪುಕ್ಕಟೆ ಟಿಕೆಟ್ ಏನು ಮಾಡೀತು?

ದೂರ ಮತ್ತು ಕೂಸು, ಈ ಎರಡರ ಲೆಕ್ಕ ಹಾಕಿ ಬರೆದ ಕಾನೂನು ನಾನು ಕಂಡಂತೆ 2005ರ ಉದ್ಯೋಗ ಖಾತರಿ ಕಾಯಿದೆ. ಕೆಲಸ ಊರಿನಿಂದ 5 ಕಿ.ಮೀ. ಒಳಗೆ ಸಿಗಬೇಕು, ಆಚೆ ಕೊಟ್ಟರೆ ಕೂಲಿ ಶೇ 10 ಹೆಚ್ಚು ಎಂದು ಅದರಲ್ಲಿತ್ತು. ಕೆಲಸದ ಜಾಗಕ್ಕೆ 6 ವರ್ಷದೊಳಗಿನ 5 ಮಕ್ಕಳು ಬಂದರೆ ನೋಡಿಕೊಳ್ಳಲು ಒಬ್ಬ ಹೆಂಗಸು, ಅವಳಿಗೂ ಕೂಲಿ ಎಂದೂ ಇತ್ತು. ಮಣ್ಣು ಹೊರುವವಳಿಗೆ ಕಾಗದದಲ್ಲಾದರೂ ಇದ್ದ ಈ ಅನುಕೂಲ ಲೆಕ್ಕ ಬರೆಯುವವಳಿಗೆ ಇಲ್ಲ.

ಇನ್ನೊಂದು ಮಾತು. ಪತ್ರದ ಕೊನೆಗೆ ‘ಈಗ ಮನೆಯಲ್ಲೇ ಇದ್ದೇನೆ’ ಎಂದಿದ್ದೀರಿ. ಅದರ ಮೇಲಿನ ಸಾಲಿನಲ್ಲೇ ಕೊಯ್ಲಿನ ಎರಡು ತಿಂಗಳು ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದದ್ದಿದೆ! ಮನೆಯ ತೋಟದಲ್ಲಿ ಸಂಬಳವಿಲ್ಲದೆ ದುಡಿಯುವವರನ್ನೂ ಸರ್ಕಾರದ ಕಾರ್ಮಿಕ ಸಮೀಕ್ಷೆ ಕೆಲಸಗಾರರೆಂದೇ ಎಣಿಸುತ್ತದೆ. ಆದರೆ ಕೇಳಲು ಬಂದವರಿಗೆ ಜಗುಲಿಯ ಮೇಲಿನ ಮಾವನವರು ‘ಅವಳಾ? ಮನೇಲೇ ಇರ್ತಾಳೆ’ ಎಂದರೆ ಅಲ್ಲಿಗೆ ಮುಗಿಯಿತು. ದಯವಿಟ್ಟು ಮುಂದಿನ ಸಲ ನೀವೇ ಎದ್ದು ಬಂದು ಉತ್ತರ ಕೊಡಿ.

ನಿಮ್ಮೂರಿನ ಬಸ್ಸುಗಳ ವೇಳೆಯನ್ನೂ ಪೇಟೆಯಲ್ಲಿ ಕೆಲಸ ಬಿಡುವ ವೇಳೆಯನ್ನೂ ಅಕ್ಕಪಕ್ಕ ಬರೆದು ಕಳಿಸಿ. ಬೇರೆ ಊರಿನವರೂ ಕಳಿಸಲಿ. ಬರುವ ಸಂಚಿಕೆಯಲ್ಲಿ ನನ್ನ ಅಂಕಣದ ಜಾಗಕ್ಕೆ ಅದನ್ನೇ ಹಾಕುತ್ತೇನೆ.

— ಸಂಪಾದಕ