ಹಿಮದ ಬೆಟ್ಟವೂ ಬೇಕು, ಬೌದ್ಧ ಮಠವೂ ಬೇಕು ಅಂದ್ರೆ ಪೆಲ್ಲಿಂಗ್‌ಗೆ ಹೋಗಿ, ಮೂರು ರಾತ್ರಿ ಅಲ್ಲೇ ಇರಿ

ವಯಸ್ಸಾದ ಅಪ್ಪ ಅಮ್ಮ ಜೊತೆಗಿರುತ್ತಾರೆ, ಹಿಮದ ಬೆಟ್ಟ ಕಣ್ತುಂಬ ಕಾಣಬೇಕು, ಒಂದೆರಡು ಬೌದ್ಧ ಮಠ ನೋಡಬೇಕು, ಡಾರ್ಜಿಲಿಂಗ್‌ನ ಜನಜಂಗುಳಿ ಬೇಡ ಅಂತ ಕೇಳಿದ್ದೀರಿ. ನಾನು ಹೇಳೋದು ಪೆಲ್ಲಿಂಗ್. ಪಶ್ಚಿಮ ಸಿಕ್ಕಿಮಿನ ಪುಟ್ಟ ಊರು, ಎತ್ತರ ಸುಮಾರು 2,100 ಮೀಟರ್. ನಾನೂ ಮೈಸೂರಿನಿಂದ ಅಪ್ಪ ಅಮ್ಮನನ್ನು ಕರ್ಕೊಂಡು ಒಂದು ನವೆಂಬರ್‌ನಲ್ಲಿ ಹೋಗಿದ್ದೆ.

ನಾವು ಊರು ತಲುಪಿದಾಗ ಸಂಜೆ. ಎದುರಿಗೆ ಬರೀ ಮೋಡ. ಅಮ್ಮನ ಮುಖ ಸಪ್ಪಗಾಯಿತು. ಮರುದಿನ ಬೆಳಿಗ್ಗೆ ಐದೂವರೆಗೆ ಅಪ್ಪ ಬಾಗಿಲು ಬಡಿದರು. ಸ್ವೆಟರ್ ಸಿಕ್ಕಿಸಿಕೊಂಡು ಟೆರೇಸಿಗೆ ಓಡಿದೆ. ನಮ್ಮ ಚಾಮುಂಡಿ ಬೆಟ್ಟ ಹುಡುಕುವ ಹಾಗೆ ಎದುರಿನ ಗುಡ್ಡಗಳ ಸಾಲಿನಲ್ಲಿ ಹುಡುಕಿದೆ, ಏನೂ ಕಾಣಲಿಲ್ಲ. ಅಪ್ಪ ನನ್ನ ಗಲ್ಲ ಹಿಡಿದು ಮೇಲೆತ್ತಿ, "ಅಲ್ಲಲ್ಲ, ಇನ್ನೂ ಮೇಲೆ ನೋಡು" ಅಂದರು. ಆಕಾಶ ಅಂದುಕೊಂಡಿದ್ದ ಕಡೆ ಕಾಂಚನಜುಂಗಾ ನಿಂತಿತ್ತು. 8,586 ಮೀಟರ್, ಜಗತ್ತಿನ ಮೂರನೇ ಅತಿ ಎತ್ತರದ ಶಿಖರ. ಮೊದಲು ಅದರ ತುದಿಗೆ ಮಾತ್ರ ಬೆಳಕು ತಾಗಿತು, ತಿಳಿ ಗುಲಾಬಿ. ಆಮೇಲೆ ಅದು ಹೊಂಬಣ್ಣವಾಗಿ ಮೆಲ್ಲಗೆ ಕೆಳಗಿಳಿಯಿತು, ಪಕ್ಕದ ಕಬ್ರು, ಪಂಡಿಮ್‌ಗಳಿಗೂ ಹಬ್ಬಿತು. ಆಗಲೂ ಕೆಳಗಿನ ಕಣಿವೆಯಲ್ಲಿ ಮನೆಗಳ ದೀಪ ಉರಿಯುತ್ತಲೇ ಇದ್ದವು.

ಎರಡನೇ ಬೆಳಿಗ್ಗೆ ಏನೂ ಕಾಣಲಿಲ್ಲ. ಮೂರನೇ ದಿನ ಅರ್ಧ ಗಂಟೆ ಕಂಡಿತು. ಅದಕ್ಕೇ ಮೂರು ರಾತ್ರಿ ಅಂದಿದ್ದು. ದಿನಕ್ಕೊಂದು ಊರು ಅಂತ ಓಡುವವರಿಗೆ ಈ ಬೆಟ್ಟ ಸಿಗೋದು ಕಷ್ಟ. ಬಿಸಿಲೇರುತ್ತಿದ್ದ ಹಾಗೆ ಕಣಿವೆಯ ತೇವ ಮೇಲೇರಿ ಮೋಡ ಕಟ್ಟುತ್ತದೆ, ಒಂಬತ್ತು ಹತ್ತು ಗಂಟೆಗೆಲ್ಲ ಮುಚ್ಚಿಬಿಡಬಹುದು. ಬೆಳಗಿನ ಹೊತ್ತು ಬೆಟ್ಟಕ್ಕೆ ಇಡಿ, ಆಮೇಲೆ ಮಠಗಳಿಗೆ ಹೊರಡಿ.

ಪೆಮಯಾಂಗ್ತ್ಸೆ ಮಠ ಊರಿನಿಂದ ಬರೀ ಎರಡು ಕಿಲೋಮೀಟರ್. ಇದಕ್ಕೆ ಅವಸರ ಮಾಡಬೇಡಿ. 1642ರಲ್ಲಿ ಯುಕ್ಸಮ್‌ನಲ್ಲಿ ಸಿಕ್ಕಿಮಿನ ಮೊದಲ ರಾಜನಿಗೆ ಪಟ್ಟ ಕಟ್ಟಿದ ಮೂವರು ಲಾಮಾಗಳಲ್ಲಿ ಒಬ್ಬರಾದ ಲ್ಹಾತ್ಸುನ್ ಚೆಂಪೋ ಇದಕ್ಕೆ ಬುನಾದಿ ಹಾಕಿದವರು. ಒಳಗೆ ಕಾಲಿಟ್ಟ ಕೂಡಲೇ ಅಮ್ಮ, "ಇವರು ನಮ್ಮ ಬೈಲಕುಪ್ಪೆ ಗುರುಗಳೇ ಅಲ್ವಾ?" ಅಂದರು. ಹೌದು, ಟಿಬೆಟಿಗೆ ಬೌದ್ಧ ಧರ್ಮ ಒಯ್ದ ಗುರು ಪದ್ಮಸಂಭವ. ತೆಳು ಮೀಸೆ, ಅರಳಿದ ಕಣ್ಣು, ಬಲಗೈಯಲ್ಲಿ ವಜ್ರಾಯುಧ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠವೂ ಇದೂ ಒಂದೇ ಪಂಥದವು, ಟಿಬೆಟಿನ ಬೌದ್ಧರಲ್ಲಿ ಅತಿ ಹಳೆಯದಾದ ನ್ಯಿಂಗ್ಮಾ. ಅಲ್ಲಿ ಚಿನ್ನದ ಬಣ್ಣದ ದೊಡ್ಡ ಮೂರ್ತಿ ನೋಡಿದವರಿಗೆ ಇಲ್ಲಿ ಗುರುತು ಹಿಡಿದ ಖುಷಿ ಬೇರೆ.

ಮೇಲಿನ ಮಹಡಿಗೆ ಖಂಡಿತ ಹತ್ತಿ. ಮೆಟ್ಟಿಲು ಕಡಿದಾಗಿದೆ, ಅಪ್ಪ ಅಮ್ಮನಿಗೆ ಕೈ ಕೊಡಿ. ಅಲ್ಲಿ ಪದ್ಮಸಂಭವರ ಲೋಕವನ್ನು ಮರದಲ್ಲಿ ಏಳು ಅಂತಸ್ತಾಗಿ ಕಡೆದಿದ್ದಾರೆ. ಡುಂಗ್‌ಜಿನ್ ರಿಂಪೋಚೆ ಐದು ವರ್ಷ ಕೂತು ಮಾಡಿದ ಕೆಲಸ. ಸುತ್ತ ಬಣ್ಣಬಣ್ಣದ ಕಾಮನಬಿಲ್ಲು, ಅಂತಸ್ತು ಅಂತಸ್ತಿಗೂ ಬೆರಳುದ್ದದ ದೇವತೆಗಳು. ಒಂದು ಸುತ್ತು ಬಂದರೆ ಸಾಲದು, ಎರಡನೇ ಸುತ್ತಿನಲ್ಲಿ ಹೊಸದು ಕಾಣುತ್ತದೆ. ಒಳಗೆ ಫೋಟೋ ತೆಗೆಯುವಂತಿಲ್ಲ. ನನಗೆ ಅದೇ ಒಳ್ಳೆಯದಾಯಿತು, ಸುಮ್ನೆ ನಿಂತು ನೋಡಿದೆ.

ಅಲ್ಲಿಂದ ಹತ್ತಿರದಲ್ಲೇ ರಬ್ದೆಂತ್ಸೆ. 1670ರಿಂದ 1814ರವರೆಗೆ ಸಿಕ್ಕಿಮಿನ ರಾಜಧಾನಿ. ಗೂರ್ಖರ ದಾಳಿಗೆ ಹಾಳಾಯಿತು. ಈಗ ಕಲ್ಲಿನ ಗೋಡೆಗಳು, ಸಾಲಾಗಿ ಮೂರು ಚೋರ್ಟನ್ (ಬೌದ್ಧ ಸ್ತೂಪ) ಉಳಿದಿವೆ. ಕಾಡಿನೊಳಗೆ ನಡೆದೇ ಹೋಗಬೇಕು. ಅಮ್ಮನ ಮಂಡಿಗೆ ಆಗಲಿಲ್ಲ, ಅಪ್ಪ ನಾನು ಇಬ್ಬರೇ ಹೋಗಿ ಬಂದೆವು. ಕರುಣೆಯ ಬೋಧಿಸತ್ವ ಚೆನ್ರೆಜಿಗ್‌ನ 137 ಅಡಿಯ ಪ್ರತಿಮೆ ಮತ್ತು ಗಾಜಿನ ಸೇತುವೆ ಇರುವ ಕಡೆ ಜನ ಜಾಸ್ತಿ. ಅಲ್ಲಿಂದ ಇನ್ನೂ ಮೇಲಿರುವ ಸಂಗಾ ಚೋಲಿಂಗ್ ಹಳೇ ಮಠ ಮಾತ್ರ ಶಾಂತವಾಗಿದೆ. ಕಾಲಲ್ಲಿ ಶಕ್ತಿ ಇದ್ದರೆ ಹತ್ತಿ.

ಅಲ್ಲಿನವರಿಗೆ ಕಾಂಚನಜುಂಗಾ ಕಾಯುವ ದೇವರು. 1955ರಲ್ಲಿ ಮೊದಲ ಸಲ ಏರಿದ ಬ್ರಿಟಿಷರು ಕೂಡ ಸಿಕ್ಕಿಮಿನ ರಾಜಮನೆತನಕ್ಕೆ ಕೊಟ್ಟ ಮಾತಿನಂತೆ ತುತ್ತತುದಿ ತುಳಿಯದೆ ಕೆಲವೇ ಅಡಿ ಕೆಳಗೆ ನಿಂತು ಇಳಿದರು. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಚಪ್ಪಲಿ ಬಿಟ್ಟು, ಟೆರೇಸಿನಿಂದಲೇ ಬೆಟ್ಟಕ್ಕೆ ಕೈಮುಗಿದರು.

ಹೋಗೋದು ಹೇಗೆ ಅಂದ್ರೆ, ಬೆಂಗಳೂರಿನಿಂದ ಸಿಲಿಗುರಿ ಹತ್ತಿರದ ಬಾಗ್ಡೋಗ್ರಾಗೆ ವಿಮಾನ, ಅಲ್ಲಿಂದ ಜೋರ್‌ಥಾಂಗ್ ಮೇಲೆ ಕಾರಿನಲ್ಲಿ ಐದಾರು ಗಂಟೆ. ಬೆಳಗಿನ ವಿಮಾನವೇ ಹಿಡಿಯಿರಿ, ಕತ್ತಲಾದ ಮೇಲೆ ಆ ಘಾಟಿ ರಸ್ತೆ ಬೇಡ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲವರೆಗೆ ಆಕಾಶ ತಿಳಿಯಾಗಿರುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ, ಆಗ ಬೇಡವೇ ಬೇಡ. ಪೆಲ್ಲಿಂಗ್‌ಗೆ ನಮಗೆ ಪರ್ಮಿಟ್ ಬೇಕಿಲ್ಲ.

ರೂಮನ್ನು ಅಪ್ಪರ್ ಪೆಲ್ಲಿಂಗ್‌ನಲ್ಲೇ ಮಾಡಿ. ಬೆಟ್ಟ ಕಾಣುತ್ತದೆ ಅಂತ ಹೇಳಿ ನಮಗೆ ಕೊಟ್ಟ ರೂಮಿನ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತಿತ್ತು, ಅದಕ್ಕೇ ಟೆರೇಸಿಗೆ ಓಡಬೇಕಾಯಿತು. ಚಳಿಯಲ್ಲಿ ಅಮ್ಮನಿಗೆ ಆ ಮೆಟ್ಟಿಲು ಹತ್ತೋದು ಕಷ್ಟವಾಯಿತು. ನೀವು ದುಡ್ಡು ಕಟ್ಟುವ ಮುಂಚೆ ಆ ರೂಮಿನ ಕಿಟಕಿಯಿಂದಲೇ ತೆಗೆದ ಫೋಟೋ ಕಳಿಸಿ ಅಂತ ಕೇಳಿ. ಹಾಸಿಗೆ ಮೇಲೆ ರಗ್ಗು ಹೊದ್ದು ಕೂತೇ ನಿಮ್ಮಮ್ಮ ಬೆಟ್ಟ ನೋಡುವ ಹಾಗಿರಲಿ.