ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರುವ ಯಂತ್ರ ಮಾಡಿ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಇಡಬೇಕು ಅಂತಿದ್ದೇನೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಜಿಯೋಲೈಟ್ ಒಳ್ಳೆಯದಾ, ಅಮೀನ್ ಒಳ್ಳೆಯದಾ?

ಎಂಟೆಕ್ ಮಾಡುವಾಗ ನನ್ನ ತಲೆಯಲ್ಲೂ ಇದೇ ಓಡುತ್ತಿತ್ತು. ನಾನು ಹಿಡಿದಿದ್ದು ಜಿಯೋಲೈಟ್ 13ಎಕ್ಸ್, ಅಂದರೆ ತನ್ನೊಳಗಿನ ಅತಿ ಸಣ್ಣ ರಂಧ್ರಗಳಲ್ಲಿ ಅನಿಲವನ್ನು ಹಿಡಿದಿಡುವ ಖನಿಜ. ಕೆನೆ ಬಣ್ಣದ ಸಣ್ಣ ಗುಂಡುಗಳು, ಸುಲಭವಾಗಿ ಸಿಗುತ್ತವೆ. ಸ್ಟೀಲ್ ಕೊಳವೆಗೆ ತುಂಬಿ, ಸಿಲಿಂಡರ್‌ನಿಂದ ನೈಟ್ರೋಜನ್ ಜೊತೆ ಕಾರ್ಬನ್ ಡೈಆಕ್ಸೈಡ್ ಬೆರೆಸಿ ಹಾಯಿಸುತ್ತಿದ್ದೆ. ಕೊಳವೆಯ ತೂಕ ಎಷ್ಟು ಏರಿತೋ ಅಷ್ಟು ಹಿಡಿದಿದೆ ಅಂತ ಲೆಕ್ಕ. ಗ್ರಾಫ್ ಸೊಗಸಾಗಿ ಬಂತು.

ಎಡವಿದ್ದು ಇಲ್ಲೇ, ಬಿಡಿಸಿ ಹೇಳುತ್ತೇನೆ. ಸಿಲಿಂಡರ್‌ನಲ್ಲಿ ಇರೋದು ಒಣ ಗ್ಯಾಸ್. ನಾನಿದ್ದದ್ದು ಮಂಗಳೂರಲ್ಲಿ, ಅದೂ ಮಳೆಗಾಲ. ಕೊಳವೆಯನ್ನು ಹೊರಗಿಟ್ಟು ಫ್ಯಾನ್ ಹಾಕಿದೆ. ತೂಕ ಇನ್ನೂ ಜಾಸ್ತಿ ಏರಿತು. ಖುಷಿಯಿಂದ ಅದನ್ನೂ ರಿಪೋರ್ಟ್‌ಗೆ ಬರೆದೆ. ಆಮೇಲೆ ಹಿಡಿದಿದ್ದನ್ನು ಬಿಡಿಸಲು ಕೊಳವೆ ಕಾಯಿಸಿದಾಗ, ಗ್ಯಾಸ್ ಹೊರಬರುವ ಗಾಜಿನ ನಳಿಗೆಯ ಒಳಗೆಲ್ಲ ಹನಿಹನಿ ನೀರು. ಒಂದು ಘನ ಮೀಟರ್ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರೋದು ಮುಕ್ಕಾಲು ಗ್ರಾಂ. ಮಳೆಗಾಲದ ಕರಾವಳಿಯಲ್ಲಿ ಅದೇ ಗಾಳಿಯಲ್ಲಿ ನೀರಾವಿ 20 ಗ್ರಾಂ ದಾಟುತ್ತದೆ. ಜಿಯೋಲೈಟ್‌ಗೆ ನೀರೆಂದರೆ ಮೊದಲೇ ಪ್ರೀತಿ. ನಾನು ತೂಗಿದ್ದು ನೀರನ್ನು! ಅದನ್ನು ಬಿಡಿಸಲು 300 ಡಿಗ್ರಿ ಹತ್ತಿರ ಕಾಯಿಸಬೇಕು. ರಿಪೋರ್ಟ್ ವಾಪಸ್ ಬಂತು, ಒಂದು ವರ್ಷ ಹೋಯಿತು. ನೀವು ಹಾಗೆ ಮಾಡಬೇಡಿ. ಕೊಳವೆಯ ಎರಡೂ ಬದಿಗೆ ಕಾರ್ಬನ್ ಡೈಆಕ್ಸೈಡ್ ಸೆನ್ಸರ್, ತೇವಾಂಶದ ಸೆನ್ಸರ್ ಹಾಕಿ.

ಅಮೀನ್ ಅಂದರೆ ಕಾರ್ಬನ್ ಡೈಆಕ್ಸೈಡ್ ಜೊತೆ ರಾಸಾಯನಿಕವಾಗಿ ಅಂಟಿಕೊಳ್ಳುವ, ನೈಟ್ರೋಜನ್ ಇರುವ ವಸ್ತು. ಅದು ತೇವಕ್ಕೆ ಅಷ್ಟು ಹೆದರುವುದಿಲ್ಲ, 80ರಿಂದ 100 ಡಿಗ್ರಿಗೆ ಹಿಡಿದಿದ್ದನ್ನು ಬಿಡುತ್ತದೆ. ಆದರೆ ಬಿಸಿಯಲ್ಲಿ ಆಮ್ಲಜನಕ ತಾಗಿದರೆ ಕೆಡುತ್ತದೆ. ಎರಡರಲ್ಲಿ ಒಂದು ಅಂದರೆ ಅಮೀನ್.

ಆದರೆ ಸಿಲ್ಕ್ ಬೋರ್ಡ್ ಬೇಡವೇ ಬೇಡ. ಹೊಗೆ ಬೇರೆ, ಕಾರ್ಬನ್ ಡೈಆಕ್ಸೈಡ್ ಬೇರೆ. ಇದು ಇಡೀ ಭೂಮಿಯ ಗಾಳಿಯಲ್ಲಿ ಬೆರೆತುಹೋಗುತ್ತದೆ, ಎಲ್ಲಿ ಹಿಡಿದರೂ ಲಾಭ ಒಂದೇ. ನೋಡಬೇಕಾದ್ದು ಕರೆಂಟ್ ಎಲ್ಲಿಂದ, ಹಿಡಿದಿದ್ದನ್ನು ಎಲ್ಲಿಡುವುದು ಅನ್ನೋದು. ಒಂದು ಟನ್ ಹಿಡಿಯಲು 2,000 ಯೂನಿಟ್ ದಾಟಿ ಶಕ್ತಿ ಬೇಕು. ನಮ್ಮ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಎಲ್ಲವನ್ನೂ ಗ್ರಿಡ್‌ನಿಂದಲೇ ತೆಗೆದುಕೊಂಡರೆ ಒಂದು ಟನ್ ಹಿಡಿಯಲು 1.4 ಟನ್ ಬಿಟ್ಟ ಹಾಗಾಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಅಲ್ವಾ? 2021ರಲ್ಲಿ ಸ್ವಿಟ್ಜರ್ಲೆಂಡ್‌ನ ಕ್ಲೈಮ್‌ವರ್ಕ್ಸ್ ಕಂಪನಿ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹಿಡಿಯುವ ತನ್ನ 'ಓರ್ಕಾ' ಘಟಕವನ್ನು ಐಸ್‌ಲ್ಯಾಂಡ್‌ನಲ್ಲಿ ಶುರುಮಾಡಿದ್ದು ಸುಮ್ನೆ ಅಲ್ಲ. ಅಲ್ಲಿ ಭೂಮಿಯೊಳಗಿನ ಬಿಸಿಯಿಂದಲೇ ಕರೆಂಟೂ ಶಾಖವೂ ಸಿಗುತ್ತದೆ. ಹಿಡಿದ ಅನಿಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಬಂಡೆಯೊಳಗೆ (ಲಾವಾ ತಣಿದು ಆದ ಕಪ್ಪು ಕಲ್ಲು) ಇಳಿಸಿದರೆ ಎರಡೇ ವರ್ಷದಲ್ಲಿ ಬಹುಪಾಲು ಕಲ್ಲಾಗುತ್ತದೆ. ಇಷ್ಟಾದರೂ ಅದರ ಸಾಮರ್ಥ್ಯ ವರ್ಷಕ್ಕೆ 4,000 ಟನ್. ಜಗತ್ತು ಕಲ್ಲಿದ್ದಲು, ತೈಲ, ಗ್ಯಾಸ್ ಸುಟ್ಟು ಬಿಡುವುದು ವರ್ಷಕ್ಕೆ 3,700 ಕೋಟಿ ಟನ್ ಹತ್ತಿರ.

ನನ್ನನ್ನು ಕೇಳಿದರೆ ಗಾಳಿಯನ್ನು ಸದ್ಯ ಬಿಡಿ, ಚಿಮಣಿ ಹಿಡಿಯಿರಿ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಸುಣ್ಣದ ಕಲ್ಲು ಸುಟ್ಟಾಗ ಆ ಕಲ್ಲಿನಿಂದಲೇ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಸೋಲಾರ್ ಹಾಕಿದರೂ ಅದು ನಿಲ್ಲುವುದಿಲ್ಲ. ಗಾಳಿಯಲ್ಲಿ ಶೇ. 0.04 ಇರುವುದು ಆ ಚಿಮಣಿಯಲ್ಲಿ ಶೇ. 20ರ ಆಸುಪಾಸು. ಅದೇ ಸೀಮೆಯಲ್ಲಿ ದಖ್ಖನ್ನಿನ ಬಸಾಲ್ಟ್ ಬಂಡೆಯೂ ಇದೆ. ಒಮ್ಮೆ ಹೋಗಿ ಅಲ್ಲಿನ ಇಂಜಿನಿಯರ್‌ಗಳ ಹತ್ತಿರ ಮಾತಾಡಿ ಬನ್ನಿ, ಪ್ರಾಜೆಕ್ಟ್‌ನ ಟೈಟಲ್ ಆಮೇಲೆ ಕೊಡಿ.