ಮಲ್ಲಿಗೆಯ ಚಿಗುರು ಹಳದಿಯಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಎರೆ ಮಣ್ಣು. ಮನೆ ಮುಂದೆ ಹಚ್ಚಿದ ದುಂಡು ಮಲ್ಲಿಗೆಯ ಎಳೆ ಎಲೆಗಳು ಹಳದಿಯಾಗುತ್ತಿವೆ. ದಿನಾ ಬೋರ್ ನೀರು ಬಿಡುತ್ತೇವೆ. ಗೊಬ್ಬರ ಸಾಲುತ್ತಿಲ್ಲವೇ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಗೊಬ್ಬರ ಸದ್ಯಕ್ಕೆ ಬೇಡ. ಒಂದು ಎಳೆ ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ನರಗಳು ಹಸಿರಾಗಿಯೇ ಇದ್ದು ನಡುವಿನ ಭಾಗವಷ್ಟೇ ಹಳದಿಯಾಗಿದ್ದರೆ ಅದು ಕಬ್ಬಿಣದ ಕೊರತೆ. ಎರೆ ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಆದರೆ ಸುಣ್ಣದ ಅಂಶ ಹೆಚ್ಚಿರುವುದರಿಂದ ಆ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ. ಮನೆ ಕಟ್ಟಿದಾಗ ಉಳಿದ ಸಿಮೆಂಟ್ ಚೂರುಗಳು ಬುಡದಲ್ಲಿದ್ದರೆ ತಪ್ಪದೆ ತೆಗೆಯಿರಿ, ಅವೂ ಸುಣ್ಣ ಬಿಡುತ್ತವೆ.

1 ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ), 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಬಿಸಿಲು ಇಳಿದ ಮೇಲೆ ಎಲೆ ತೊಯ್ಯುವಂತೆ ಸಿಂಪಡಿಸಿ. ಹಸಿರು ಮರಳುವ ತನಕ ತಿಂಗಳಿಗೊಮ್ಮೆ ಸಾಕು. ಕಲಸಿದ್ದನ್ನು ಅಂದೇ ಮುಗಿಸಿ. ಇಟ್ಟರೆ ಕಂದು ಬಣ್ಣಕ್ಕೆ ತಿರುಗಿ ಗುಣ ಕಳೆದುಕೊಳ್ಳುತ್ತದೆ. ಗೋಡೆಗೆ ಸಿಡಿದರೆ ತುಕ್ಕಿನ ಕಲೆ ಉಳಿಯುತ್ತದೆ, ಜೋಕೆ.

ದಿನಾ ನೀರು ಬಿಡುವುದನ್ನು ಇಂದೇ ನಿಲ್ಲಿಸಿ. ಎರೆ ಮಣ್ಣು ನೀರು ಹಿಡಿದಿಟ್ಟು ಬೇರಿನ ಉಸಿರು ಕಟ್ಟಿಸುತ್ತದೆ, ಆಗ ಹಳದಿ ಇನ್ನೂ ಹೆಚ್ಚುತ್ತದೆ. ಎರಡು ಇಂಚು ಕೆದಕಿ, ಮಣ್ಣು ಒಣಗಿದ್ದರೆ ಮಾತ್ರ ನೀರು ಕೊಡಿ. ಬುಡಕ್ಕೆ ತಾಗದಂತೆ ಸುತ್ತಲೂ ಶೇಂಗಾ ಹೊಟ್ಟು ಹರಡಿದರೆ ಬೇಸಿಗೆಯಲ್ಲಿ ನೆಲ ಬಿರಿಯುವುದು ಕಡಿಮೆ.